ಏಳು ತಿಂಗಳ ವರ್ಷ

ವಾಸ್ತುಶಿಲ್ಪ ಶಾಲೆಗಳ ಫೆಲೋಶಿಪ್ ಜಾಹೀರಾತಿನಲ್ಲಿ ‘ಅವಧಿ ಒಂದು ವರ್ಷ’ ಎಂದಿರುತ್ತದೆ. ಅದನ್ನು ಹಾಗೇ ನಂಬಿ ಯೋಜನೆ ಬರೆದವರು ಫೆಬ್ರವರಿ ಹೊತ್ತಿಗೆ ಪೇಚಾಡುತ್ತಾರೆ. ಅಮೆರಿಕದ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಪಾಠ ಶುರುವಾಗುವುದು ಆಗಸ್ಟ್ ಕೊನೆಯ ವಾರ, ಮುಗಿಯುವುದು ಮೇ ಮೊದಲ ವಾರ. ಇದರಲ್ಲಿ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ವಾರ, ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗಿನ ರಜೆ, ಮಾರ್ಚಿನ ವಸಂತ ರಜೆ ಕಳೆಯಿರಿ. ವರ್ಕ್‌ಶಾಪಿನ ಬಾಗಿಲು ತೆರೆದಿರುವ ದಿನಗಳು ಏಳು ತಿಂಗಳು ದಕ್ಕಿದರೆ ಹೆಚ್ಚು. ಅಷ್ಟರಲ್ಲಿ ಎರಡು ಸೆಮಿಸ್ಟರ್ ಪಾಠ ಮಾಡಬೇಕು, ಒಂದು ಪ್ರದರ್ಶನ ಕಟ್ಟಬೇಕು, ಒಂದು ಸಾರ್ವಜನಿಕ ಉಪನ್ಯಾಸ ಕೊಡಬೇಕು, ಮುಂದಿನ ವರ್ಷದ ಕೆಲಸವನ್ನೂ ಹುಡುಕಬೇಕು. ಕೊನೆಯದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಆದರೆ ಇಡೀ ವರ್ಷವನ್ನು ಎಳೆದಾಡುವುದು ಅದೇ.

ಎಂ.ಆರ್ಕ್ (ವಾಸ್ತುಶಿಲ್ಪದ ಸ್ನಾತಕೋತ್ತರ ಪದವಿ) ಮುಗಿಸಿ ಒಂದೆರಡು ವರ್ಷ ಕಚೇರಿಯಲ್ಲಿ ದುಡಿದವರಿಗೋ, ಆಗಷ್ಟೇ ಪಿಎಚ್.ಡಿ. ಮುಗಿಸಿದವರಿಗೋ ಪಾಠದ ಜೊತೆ ಸ್ವಂತ ಸಂಶೋಧನೆಗೆ ಜಾಗ, ಸಂಬಳ, ಸ್ವಲ್ಪ ಯೋಜನಾ ಹಣ ಕೊಡುವ ಹುದ್ದೆ ಇದು. ಮಿಷಿಗನ್ ವಿಶ್ವವಿದ್ಯಾಲಯದ ಟಾಬ್‌ಮನ್ ಕಾಲೇಜು, ಬಫಲೋ, ಒಹಾಯೊ ಸ್ಟೇಟ್, ಸಿರಕ್ಯೂಸ್, ಹ್ಯೂಸ್ಟನ್ನಿನ ರೈಸ್ ಮುಂತಾದ ಕಡೆ ಇಂಥ ಫೆಲೋಶಿಪ್‌ಗಳಿವೆ. ಹೆಸರನ್ನು ಓದಿಕೊಂಡರೆ ಅರ್ಧ ಕೆಲಸ ಆದ ಹಾಗೆ. ಮಿಷಿಗನ್ನಿನಲ್ಲಿ ಮೂರಿವೆ: ಮುಶೆನ್‌ಹೈಮ್ ಎಂಬುದು ಸ್ಟುಡಿಯೋ ಪಾಠದ (ವಿದ್ಯಾರ್ಥಿಗಳ ವಿನ್ಯಾಸವನ್ನು ಜೊತೆಗೆ ಕೂತು ತಿದ್ದುವ ತರಗತಿ) ಜೊತೆಯಲ್ಲೇ ಬೆಳೆಯುವ ಕೆಲಸಕ್ಕೆ, ಓಬರ್ಡಿಕ್ ಕಟ್ಟಿ ತೋರಿಸುವ ಪ್ರಯೋಗಕ್ಕೆ, ಸ್ಯಾಂಡರ್ಸ್ ಸಂಶೋಧನೆಗೆ. ಬಫಲೋದಲ್ಲಿರುವುದು ವಾಸ್ತುಶಿಲ್ಪ ವಿಮರ್ಶಕ ರೇನರ್ ಬ್ಯಾನ್ಹಮ್ ಹೆಸರಿನದು. 1976ರಿಂದ 1980ರವರೆಗೆ ಅಲ್ಲಿ ಪಾಠ ಮಾಡಿದ ಆತ ಊರಿನ ಹಳೆಯ ಕಾಂಕ್ರೀಟ್ ಧಾನ್ಯಗೋಪುರಗಳನ್ನು ಆಧುನಿಕ ವಾಸ್ತುಶಿಲ್ಪದ ಚರಿತ್ರೆಯೊಳಕ್ಕೆ ಎಳೆದು ತಂದವರು. ಅಂಥ ಕಡೆಗೆ ಬರೀ ಡಿಜಿಟಲ್ ರೂಪದ ಆಟ ಕಳಿಸಿದರೆ ಕೆಲಸ ಎಷ್ಟೇ ಚೆನ್ನಾಗಿದ್ದರೂ ವಿಳಾಸ ತಪ್ಪಿದ ಕಾಗದವಾಗುತ್ತದೆ. ಒಂದೇ ಅರ್ಜಿಯನ್ನು ಆರು ಕಡೆಗೆ ಕಳಿಸುವವರು ಮೊದಲ ಸುತ್ತಿನಲ್ಲೇ ಬೀಳುವುದು ಇದಕ್ಕೇ.

ಜಾಹೀರಾತುಗಳು ಹೆಚ್ಚಾಗಿ ಅಕ್ಟೋಬರಿನಿಂದ ಜನವರಿಯೊಳಗೆ ಬರುತ್ತವೆ. ವಾಸ್ತುಶಿಲ್ಪ ಶಾಲೆಗಳ ಒಕ್ಕೂಟವಾದ ಎಸಿಎಸ್ಎ ಪಟ್ಟಿಯನ್ನು ವಾರಕ್ಕೊಮ್ಮೆ ನೋಡಿದರೆ ಸಾಕು. ಸಾಮಾನ್ಯವಾಗಿ ಕೇಳುವುದು ಒಂದು ಪತ್ರ, ಸಿವಿ, 15–20 ಪುಟದ ಪೋರ್ಟ್‌ಫೋಲಿಯೋ, 500ರಿಂದ 1000 ಪದಗಳ ಯೋಜನೆ, ಬೋಧನೆಯ ಬಗ್ಗೆ ಒಂದು ಪುಟ, ಮೂವರು ಶಿಫಾರಸುದಾರರ ಹೆಸರು. ಪೋರ್ಟ್‌ಫೋಲಿಯೋದ ಕೊನೆಯ ಮೂರ್ನಾಲ್ಕು ಪುಟಗಳನ್ನು ನಿಮ್ಮ ವಿದ್ಯಾರ್ಥಿಗಳ ಕೆಲಸಕ್ಕೆ ಬಿಡಿ. ಪ್ರತಿ ಚಿತ್ರದ ಕೆಳಗೆ ವಿದ್ಯಾರ್ಥಿಯ ಹೆಸರು, ಕೋರ್ಸ್, ಸೆಮಿಸ್ಟರ್, ಅದರಲ್ಲಿ ನಿಮ್ಮ ಪಾತ್ರ ಏನು ಎಂಬುದು ಒಂದು ಸಾಲಿನಲ್ಲಿರಲಿ. ಕಚೇರಿಯಲ್ಲಿ ಮಾಡಿದ ಕಟ್ಟಡವಾದರೆ ಇನ್ನೂ ಎಚ್ಚರ. ಬೆಂಗಳೂರಿನ ಕಚೇರಿಗಳಲ್ಲಿ ಎಂಟು ಜನ ಸೇರಿ ಮಾಡಿದ ಮನೆಯನ್ನು ‘ನನ್ನ ಯೋಜನೆ’ ಎಂದು ಹಾಕಿಬಿಡುವ ರೂಢಿಯಿದೆ. ಸಂದರ್ಶನದಲ್ಲಿ ಮೊದಲ ಪ್ರಶ್ನೆ ಅದರ ಮೇಲೆಯೇ ಬರುತ್ತದೆ. ‘ಕಿಟಕಿ ವಿವರಗಳು ಮತ್ತು ಸೈಟ್ ಮೇಲ್ವಿಚಾರಣೆ ನನ್ನದು’ ಎಂದು ಬರೆದವರ ಮೇಲೆ ನಂಬಿಕೆ ಹೆಚ್ಚು.

ಯೋಜನೆಯ ಪುಟದಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ವಿಷಯ ಇರುತ್ತದೆ, ವಸ್ತು ಇರುವುದಿಲ್ಲ. ‘ಹವಾಮಾನ ಮತ್ತು ಸ್ಥಳೀಯತೆ’ ಎಂಬುದು ವಿಷಯ. ಆಯ್ಕೆ ಸಮಿತಿಗೆ ಬೇಕಿರುವುದು ಏಪ್ರಿಲ್ಲಿನಲ್ಲಿ ಗ್ಯಾಲರಿಯ ನೆಲದ ಮೇಲೆ ಏನು ನಿಂತಿರುತ್ತದೆ, ಅದು ಎಷ್ಟು ಎತ್ತರ, ಯಾವುದರಿಂದ ಮಾಡಿದ್ದು, ಅದರಿಂದ ಏನು ತಿಳಿಯುತ್ತದೆ ಎಂಬುದು.

ನಮ್ಮ ಕಡೆಯಿಂದ ಹೋದವರ ಯೋಜನೆಗಳಲ್ಲಿ ಮಣ್ಣು ಬರುವುದು ಸಹಜ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ, ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಒತ್ತಿದ ಮಣ್ಣಿನ ಇಟ್ಟಿಗೆಯ ಮೇಲೆ ಮಾಡಿದ ಕೆಲಸ ನಮ್ಮ ಬೆನ್ನಿಗಿದೆ. ಆದರೆ ಅದನ್ನು ಮಿಷಿಗನ್ನಿಗೋ ಒಹಾಯೊಗೋ ಒಯ್ಯುವಾಗ ಲೆಕ್ಕ ಹಾಕಬೇಕು. 230×190×100 ಮಿ.ಮೀ. ಅಳತೆಯ ಒಂದು ಇಟ್ಟಿಗೆ ಹೆಚ್ಚುಕಡಿಮೆ 8 ಕಿಲೋ ತೂಗುತ್ತದೆ. 300 ಇಟ್ಟಿಗೆ ಅಂದರೆ 2.4 ಟನ್. ಅಲ್ಲಿನ ಸಾರ್ವಜನಿಕ ಸಭಾಂಗಣಗಳ ನೆಲವನ್ನು ಸಾಮಾನ್ಯವಾಗಿ ಚದರಡಿಗೆ 100 ಪೌಂಡ್, ಅಂದರೆ ಚದರ ಮೀಟರಿಗೆ ಸುಮಾರು 490 ಕಿಲೋ ಭಾರಕ್ಕೆ ವಿನ್ಯಾಸ ಮಾಡಿರುತ್ತಾರೆ. ಒಂದು ಮೀಟರ್ ಎತ್ತರದ ಮಣ್ಣಿನ ಗೋಡೆ ತನ್ನ ಬುಡದ ಚದರ ಮೀಟರಿಗೆ 1,800 ಕಿಲೋಗೂ ಹೆಚ್ಚು ಹೇರುತ್ತದೆ. ಗ್ಯಾಲರಿ ಎರಡನೇ ಮಹಡಿಯಲ್ಲಿದ್ದರೆ ಭಾರ ಹಂಚುವ ಉಕ್ಕಿನ ಚೌಕಟ್ಟು ಬೇಕು, ಇಂಜಿನಿಯರರ ಸಹಿ ಬೇಕು, ಅದಕ್ಕೆ ತಿಂಗಳು ಬೇಕು.

ಮಣ್ಣೂ ಬೇರೆ. ನಮ್ಮ ಕೆಂಪು ಮಣ್ಣಿಗೆ 5ರಿಂದ 8 ಶೇಕಡಾ ಸಿಮೆಂಟ್ ಹಾಕಿದರೆ ಹಿಡಿದುಕೊಳ್ಳುತ್ತದೆ. ಮಹಾಸರೋವರಗಳ ಸುತ್ತ ಹಿಮನದಿ ಬಿಟ್ಟುಹೋದ ಜೇಡಿಯಲ್ಲಿ ಅಂಟು ಹೆಚ್ಚು, ಮರಳು ಬೆರೆಸದಿದ್ದರೆ ಒಣಗುವಾಗ ಬಿರಿಯುತ್ತದೆ. ಗಾಜಿನ ಜಾಡಿಯಲ್ಲಿ ಮಣ್ಣು, ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಒಂದು ದಿನ ಬಿಟ್ಟು ಪದರ ನೋಡುವ ಹಳೆಯ ಪರೀಕ್ಷೆಯನ್ನು ಅರ್ಜಿ ಬರೆಯುವಾಗಲೇ ಮಾಡಿ, ಆ ಫೋಟೋವನ್ನೇ ಯೋಜನೆಯೊಳಗೆ ಹಾಕಿ. ಇನ್ನು ಕ್ಯೂರಿಂಗ್, ಅಂದರೆ ಇಟ್ಟಿಗೆಯನ್ನು ಒದ್ದೆಯಾಗಿಟ್ಟು ಗಟ್ಟಿಯಾಗಲು ಬಿಡುವುದು, 28 ದಿನ. ಹೊರಗೆ ಮಾಡುತ್ತೇವೆ ಅಂದರೆ ನವೆಂಬರ್ ಬಂತೆಂದರೆ ಮುಗಿಯಿತು, ಉಷ್ಣತೆ 5 ಡಿಗ್ರಿಗಿಂತ ಕೆಳಗಿಳಿದರೆ ಸಿಮೆಂಟ್ ಕೆಲಸ ಮಾಡುವುದೇ ನಿಧಾನ. ಒಳಗೆ ಮಣ್ಣು ಜರಡಿ ಹಿಡಿಯುತ್ತೇವೆ ಅಂದರೆ ಸಿಲಿಕಾ ದೂಳಿನ ಬಗ್ಗೆ ಸುರಕ್ಷತಾ ಅಧಿಕಾರಿ ಬರುತ್ತಾರೆ. ಇಷ್ಟನ್ನೂ ಯೋಜನೆಯ ಅರ್ಧ ಪುಟದಲ್ಲಿ ಬರೆದವರಿಗೂ ‘ಮಣ್ಣಿನ ನೆನಪು’ ಎಂದು ಕವಿತೆ ಬರೆದವರಿಗೂ ಸಮಿತಿಯ ಕಣ್ಣಲ್ಲಿ ಅಜಗಜಾಂತರ.

ಸಂದರ್ಶನದ ಮೊದಲ ಸುತ್ತು ಜ಼ೂಮ್‌ನಲ್ಲಿ, ಅರ್ಧ ಗಂಟೆ. ಎರಡನೆಯದು ಕ್ಯಾಂಪಸ್ಸಿನಲ್ಲಿ ಒಂದೂವರೆ ದಿನ: 40–45 ನಿಮಿಷದ ಉಪನ್ಯಾಸ, ಪ್ರಶ್ನೆಗಳು, ಡೀನ್, ವಿಭಾಗ ಮುಖ್ಯಸ್ಥರು, ವಿದ್ಯಾರ್ಥಿಗಳ ಜೊತೆ ಊಟ. ಕಾರ್ಯಕ್ರಮ ಪಟ್ಟಿಯಲ್ಲಿ ವರ್ಕ್‌ಶಾಪ್ ಮೇಲ್ವಿಚಾರಕರ ಹೆಸರಿಲ್ಲದಿದ್ದರೆ 20 ನಿಮಿಷ ಕೇಳಿ ಪಡೆಯಿರಿ. ಇಡೀ ಶಾಲೆಯಲ್ಲಿ ನಿಮ್ಮ ವರ್ಷವನ್ನು ಉಳಿಸಬಲ್ಲ ಒಬ್ಬರೇ ಒಬ್ಬರಿದ್ದರೆ ಅವರೇ. ಅವರಿಂದ ತಿಳಿಯಬೇಕಾದ್ದು ಸಿಎನ್‌ಸಿ ರೂಟರಿನ (ಕಂಪ್ಯೂಟರ್ ಹೇಳಿದಂತೆ ಹಲಗೆ ಕೊಯ್ಯುವ ಯಂತ್ರ) ಮೇಜಿನ ಅಳತೆ, ಫೆಲೋಗಳಿಗೆ ವಾರಕ್ಕೆ ಎಷ್ಟು ಗಂಟೆ, ಪರೀಕ್ಷಾ ವಾರಗಳಲ್ಲಿ ಯಂತ್ರ ಯಾರಿಗೆ. ಗ್ಯಾಲರಿ ನೋಡುವಾಗ ಜೇಬಿನಲ್ಲಿ ಅಳತೆ ಟೇಪು ಇರಲಿ, ನಾಚಿಕೆ ಬೇಡ. ಬಾಗಿಲು ಮೂರಡಿ ಎಂದರೂ ಬಾಗಿಲ ಹಲಗೆಯ ದಪ್ಪ ಕಳೆದು ಸಿಗುವುದು 32–33 ಅಂಗುಲ, ಸುಮಾರು 82 ಸೆ.ಮೀ. ಅದಕ್ಕಿಂತ ದೊಡ್ಡದಾಗಿ ಒಂದೇ ತುಂಡಿನಲ್ಲಿ ಕಟ್ಟಿದ್ದು ಒಳಗೆ ಬರುವುದಿಲ್ಲ. ಬೆಂಕಿ ಆರಿಸಲು ಛಾವಣಿಯಲ್ಲಿರುವ ಸ್ಪ್ರಿಂಕ್ಲರ್ ತಲೆಯಿಂದ ಕೆಳಗೆ 18 ಅಂಗುಲ ಖಾಲಿ ಬಿಡಬೇಕು, ಆದ್ದರಿಂದ ಛಾವಣಿ 12 ಅಡಿ ಇದ್ದರೂ ನಿಮಗೆ ಸಿಗುವುದು ಹತ್ತೂವರೆಗಿಂತ ಕಡಿಮೆ. ಬಟ್ಟೆ ತೂಗುಬಿಡುವುದಾದರೆ ಎನ್ಎಫ್‌ಪಿಎ 701 ಬೆಂಕಿ ಪರೀಕ್ಷೆಯ ಪ್ರಮಾಣಪತ್ರ ಕೇಳುತ್ತಾರೆ. ಊರಿಂದ ತಂದ ಇಳಕಲ್ ಸೀರೆಗೆ ಅದು ಇರುವುದಿಲ್ಲ.

ಹಣದ ಮಾತನ್ನು ಆಫರ್ ಬಂದ ಮೇಲೆ, ಸಹಿ ಹಾಕುವ ಮುಂಚೆ ಆಡಬೇಕು. ಸಂಬಳ ಒಂಬತ್ತು ತಿಂಗಳದ್ದೋ ಹನ್ನೆರಡರದ್ದೋ? ಆರೋಗ್ಯ ವಿಮೆ ಯಾವ ತಾರೀಖಿನಿಂದ, ಮೇ ನಂತರವೂ ಇರುತ್ತದೆಯೇ? ಎರಡು ಸೆಮಿಸ್ಟರ್ ಸೇರಿ ಎಷ್ಟು ಕೋರ್ಸ್? ಯೋಜನಾ ಹಣವನ್ನು ನಾವು ಕೈಯಿಂದ ಹಾಕಿ ವಾಪಸ್ ಪಡೆಯಬೇಕೋ, ವಿಶ್ವವಿದ್ಯಾಲಯದ ಕಾರ್ಡ್ ಕೊಡುತ್ತಾರೋ? ಮರುಪಾವತಿ ಆರು ವಾರ ತಡವಾದರೆ ನಿಮ್ಮ ಮನೆ ಬಾಡಿಗೆ ಪ್ಲೈವುಡ್ಡಿನ ರಾಶಿಯೊಳಗೆ ಸಿಕ್ಕಿಕೊಳ್ಳುತ್ತದೆ.

ವೀಸಾ ವಿಚಾರವನ್ನು ಬೇಗ ಹೇಳಿ ಮುಗಿಸುವುದು ಒಳ್ಳೆಯದು. ಅಮೆರಿಕದಲ್ಲೇ ಎಂ.ಆರ್ಕ್ ಮಾಡಿದವರಿಗೆ 12 ತಿಂಗಳ ಓಪಿಟಿ, ಅಂದರೆ ವಿದ್ಯಾರ್ಥಿ ವೀಸಾದ ಮೇಲೆಯೇ ಕೆಲಸ ಮಾಡುವ ಅನುಮತಿ, ಸುಲಭದ ದಾರಿ. ಪದವಿ ಮುಗಿದು 60 ದಿನದೊಳಗಿನ ಒಂದು ದಿನವನ್ನು ಆರಂಭದ ದಿನಾಂಕವಾಗಿ ಆರಿಸಿಕೊಳ್ಳಬಹುದು. ಮೇ ನಡುವೆ ಪದವಿ ಆದರೆ ಜುಲೈ ನಡುವಿನ ದಿನಾಂಕ ಹಾಕಿ. ಕೆಲಸವಿಲ್ಲದ ದಿನಗಳಿಗೆ ಒಟ್ಟು 90ರ ಮಿತಿ ಇದೆ. ಜೂನ್ 1 ಎಂದು ಹಾಕಿದವರು ಆಗಸ್ಟ್ 16ಕ್ಕೆ ಸೇರುವಷ್ಟರಲ್ಲಿ 76 ದಿನ ಕರಗಿಸಿಕೊಂಡಿರುತ್ತಾರೆ, ಮುಂದಿನ ಬೇಸಿಗೆಗೆ ಉಳಿಯುವುದು 14. ಇನ್ನೊಂದು, ನಿಮ್ಮ ಪದವಿಗೆ ಅಮೆರಿಕದ ಶಿಕ್ಷಣ ವಿಷಯಗಳ ಪಟ್ಟಿಯಲ್ಲಿ ಯಾವ ವರ್ಗ ಸಂಖ್ಯೆ ಇದೆ ನೋಡಿ. 04.0902 ಇದ್ದರೆ ಅದು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದೆ, ಇನ್ನೂ 24 ತಿಂಗಳ ವಿಸ್ತರಣೆ ಕೇಳಬಹುದು. ಮಾಮೂಲಿ ವಾಸ್ತುಶಿಲ್ಪದ 04.0201ಕ್ಕೆ ಆ ಸೌಲಭ್ಯವಿಲ್ಲ. ಭಾರತದಿಂದಲೇ ನೇರ ಹೋಗುವವರಿಗೆ ಜೆ-1 ಎಂಬ ವಿನಿಮಯ ವೀಸಾ ಸಿಗುವ ಸಾಧ್ಯತೆ ಹೆಚ್ಚು. ಅದು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿಗೆ ಮರಳಬೇಕೆಂಬ ಷರತ್ತು ಯಾವ ದೇಶದ ಯಾವ ಕೌಶಲದವರಿಗೆ ಎಂದು ಹೇಳುವ ಪಟ್ಟಿಯಿಂದ 2024ರ ಡಿಸೆಂಬರಿನಲ್ಲಿ ಭಾರತದ ಹೆಸರು ತೆಗೆದಿದ್ದಾರೆ. ಸರಕಾರಿ ಹಣದ ಮೇಲೆ ಹೋದರೆ ಮಾತ್ರ ಆ ಷರತ್ತು ಈಗಲೂ ಅಂಟಬಹುದು. ಹೊರದೇಶದಲ್ಲಿರುವವರಿಗಾಗಿ ಹಾಕುವ ಹೊಸ ಎಚ್-1ಬಿ (ಪರಿಣತ ನೌಕರರ ವೀಸಾ) ಅರ್ಜಿಗೆ 2025ರ ಸೆಪ್ಟೆಂಬರಿನ ಆದೇಶ 1,00,000 ಡಾಲರ್ ಹೇರಿದ ಮೇಲೆ ಒಂದು ವರ್ಷದ ಹುದ್ದೆಗೆ ಆ ದಾರಿಯ ಮಾತೇ ಬೇಡ.

ಸ್ಟುಡಿಯೋ ಪಾಠ ಎಂದರೆ ವಾರಕ್ಕೆ ಮೂರು ಮಧ್ಯಾಹ್ನ, ನಾಲ್ಕು ನಾಲ್ಕು ಗಂಟೆ, 12–14 ವಿದ್ಯಾರ್ಥಿಗಳು, 15 ವಾರ. 12 ಗಂಟೆ ಎಂಬುದು ಕಾಗದದ ಮೇಲಿನದು. ತಯಾರಿ, ಮಿಂಚಂಚೆ, ವಿಮರ್ಶಕರನ್ನು ಕರೆಯುವುದು, ಸಿಬ್ಬಂದಿ ಸಭೆ ಸೇರಿ 20–22 ಆಗುತ್ತದೆ. ಯಾವ ಸ್ಟುಡಿಯೋ ಕೊಡುತ್ತಾರೆ ಎಂಬುದರ ಮೇಲೆ ಉಳಿದ ವಾರ ನಿಂತಿದೆ. ರಚನೆ, ಸೇವಾ ವ್ಯವಸ್ಥೆ, ಹೊರಕವಚ ಎಲ್ಲವನ್ನೂ ಒಂದೇ ಕಟ್ಟಡದಲ್ಲಿ ಜೋಡಿಸುವ ಸ್ಟುಡಿಯೋ ಸಿಕ್ಕರೆ ನಿಮ್ಮ ಸ್ವಾತಂತ್ರ್ಯ ಕಡಿಮೆ. ವಾಸ್ತುಶಿಲ್ಪ ಪದವಿಗಳಿಗೆ ಮಾನ್ಯತೆ ಕೊಡುವ ನಾಬ್ ಮಂಡಳಿಯ 2020ರ ನಿಯಮಗಳಲ್ಲಿ ಎಸ್‌ಸಿ.5, ಎಸ್‌ಸಿ.6 (ವಿನ್ಯಾಸದ ಸಂಯೋಜನೆ, ಕಟ್ಟಡದ ಜೋಡಣೆ) ಎಂಬ ಅಂಶಗಳಿಗೆ ಸಾಕ್ಷ್ಯವಾಗುವುದು ಅಲ್ಲಿನ ವಿದ್ಯಾರ್ಥಿಗಳ ಕೆಲಸವೇ, ಆದ್ದರಿಂದ ಪಠ್ಯಕ್ರಮವನ್ನು ಸಂಯೋಜಕರು ಮೊದಲೇ ಕಟ್ಟಿರುತ್ತಾರೆ. ಹೊಸಬರಿಗೆ ಇದು ಒಂದು ರೀತಿಯಲ್ಲಿ ವರವೇ. ತಯಾರಾದ ವೇಳಾಪಟ್ಟಿಯ ಮೇಲೆ ಹತ್ತಿ ಕೂತು ಮೊದಲ ಸೆಮಿಸ್ಟರ್ ದಾಟಬಹುದು, ಸ್ವಂತ ವಿಷಯವನ್ನು ಎರಡನೇ ಸೆಮಿಸ್ಟರಿನ ಸೆಮಿನಾರಿಗೆ ಇಟ್ಟುಕೊಳ್ಳಬಹುದು.

ನಮ್ಮ ವಿಟಿಯು ಜ್ಯೂರಿ (ಹೊರಗಿನವರು ವಿದ್ಯಾರ್ಥಿಗಳ ಕೆಲಸ ನೋಡಿ ಅಂಕ ಕೊಡುವುದು) ನೋಡಿ ಬೆಳೆದವರಿಗೆ ಒಂದು ವ್ಯತ್ಯಾಸ ಗೊತ್ತಿರಲಿ. ಅಲ್ಲಿ ಹೊರಗಿನಿಂದ ಬಂದ ವಿಮರ್ಶಕರು ಅಂಕ ಕೊಡುವುದಿಲ್ಲ, ಮಾತಾಡಿ ಹೋಗುತ್ತಾರೆ. ಅಂಕ ನಿಮ್ಮದೊಬ್ಬರದೇ ಹೊಣೆ. ಏಳನೇ ವಾರದ ಮಧ್ಯಾವಧಿ ವಿಮರ್ಶೆಯ ಮರುದಿನವೇ ಪ್ರತಿಯೊಬ್ಬರಿಗೂ ಬರಹದಲ್ಲಿ ಐದಾರು ಸಾಲು ಮತ್ತು ಅಂದಾಜು ಗ್ರೇಡ್ ಕೊಡದಿದ್ದರೆ ಡಿಸೆಂಬರಿನಲ್ಲಿ ದೂರು ಬಂದಾಗ ತೋರಿಸಲು ಏನೂ ಇರುವುದಿಲ್ಲ. ವಿದ್ಯಾರ್ಥಿಗಳ ಮೌಲ್ಯಮಾಪನ ಫಾರ್ಮನ್ನು 14ನೇ ವಾರ ತರಗತಿಯಲ್ಲೇ 15 ನಿಮಿಷ ಬಿಟ್ಟು ತುಂಬಿಸಿ, ಆಗ ನೀವು ಹೊರಗಿರಿ. ಮನೆಗೆ ಹೋಗಿ ತುಂಬಿ ಎಂದರೆ ಸಿಟ್ಟಾದವರು ಮಾತ್ರ ತುಂಬುತ್ತಾರೆ. ಅಂತಿಮ ವಿಮರ್ಶೆಯ ದಿನ ಹಾಳೆ ಗೋಡೆಯಿಂದ ಇಳಿಯುವ ಮುಂಚೆ ಫೈಲುಗಳನ್ನೂ ಬಳಸಲು ಒಪ್ಪಿಗೆಯನ್ನೂ ಪಡೆದುಬಿಡಿ. ಆಮೇಲೆ ಎಲ್ಲರೂ ಊರಿಗೆ ಹೋಗಿರುತ್ತಾರೆ.

ಈಗ ವರ್ಕ್‌ಶಾಪ್. ಯೋಜನೆಗಳು ಮುರಿಯುವುದು ಇಲ್ಲೇ, ಅದೂ ವಿನ್ಯಾಸದ ತಪ್ಪಿನಿಂದ ಅಲ್ಲ, ಯಂತ್ರದ ಸರದಿಯಿಂದ. ಒಂದು ಲೆಕ್ಕ ನೋಡಿ. 4×8 ಅಡಿಯ 40 ಪ್ಲೈವುಡ್ ಹಾಳೆಗಳು. ಒಂದೊಂದರಲ್ಲಿ 30 ಮೀಟರ್ ಕತ್ತರಿಕೆ. ಮುಕ್ಕಾಲು ಅಂಗುಲದ ಹಾಳೆಯನ್ನು ಮೂರು ಸುತ್ತಿನಲ್ಲಿ ಕೊಯ್ಯಬೇಕು, ಅಂದರೆ 90 ಮೀಟರ್. ನಿಮಿಷಕ್ಕೆ 5 ಮೀಟರ್ ವೇಗದಲ್ಲಿ 18 ನಿಮಿಷ. ಎಲ್ಲರೂ ಇಲ್ಲಿಗೆ ಲೆಕ್ಕ ನಿಲ್ಲಿಸಿ ‘12 ಗಂಟೆ ಸಾಕು’ ಎನ್ನುತ್ತಾರೆ. ಹಾಳೆ ಎತ್ತಿ ಇಡುವುದು, ತಿರುಪು ಬಿಗಿಯುವುದು, ಸೊನ್ನೆ ಹೊಂದಿಸುವುದು, ತುಂಡು ಬಿಡಿಸುವುದು, ಗುಡಿಸುವುದು ಇವಕ್ಕೆ ಹಾಳೆಗೆ ಅರ್ಧ ಗಂಟೆ. ಒಟ್ಟು 32 ಗಂಟೆ. ವಾರಕ್ಕೆ ನಾಲ್ಕು ಗಂಟೆಯ ಎರಡು ಸರದಿ ಸಿಕ್ಕರೆ ನಾಲ್ಕು ವಾರ. ಕೆಟ್ಟುಹೋಗುವ ಹಾಳೆಗಳಿಗೆ ಇನ್ನರ್ಧ ವಾರ ಸೇರಿಸಿ. ಅಂತಿಮ ವಿಮರ್ಶೆಗೆ ಮುಂಚಿನ ಎರಡು ವಾರ ಯಂತ್ರ ವಿದ್ಯಾರ್ಥಿಗಳದ್ದು. ಮಾರ್ಚ್ ಕೊನೆಗೆ ಪ್ರದರ್ಶನ ಇದ್ದರೆ ಫೆಬ್ರವರಿ ಮೊದಲ ವಾರ ಕೊಯ್ಯಲು ಶುರು ಮಾಡಬೇಕು, ಅಂದರೆ ಜನವರಿ ಕೊನೆಗೆ ಚಿತ್ರಗಳು ಮುಗಿದಿರಬೇಕು.

ಹಾಳೆಯ ದಪ್ಪವೂ ಮೋಸ ಮಾಡುತ್ತದೆ. ಮುಕ್ಕಾಲು ಅಂಗುಲ ಎಂದು ಮಾರುವ ಪ್ಲೈವುಡ್ ನಿಜಕ್ಕೆ 23/32 ಅಂಗುಲ, 18.26 ಮಿ.ಮೀ. 19 ಮಿ.ಮೀ. ಎಂದುಕೊಂಡು ಖಾಂಚೆ ಕೊಯ್ದರೆ ಜೋಡಣೆ ಗಡಗಡ ಅಲ್ಲಾಡುತ್ತದೆ. ಬಂದ ರಾಶಿಯಿಂದ ಐದು ಹಾಳೆ ಆರಿಸಿ, ಒಂದೊಂದನ್ನೂ ನಾಲ್ಕು ಕಡೆ ಕ್ಯಾಲಿಪರ್‌ನಿಂದ ಅಳೆಯಿರಿ. ಬಳಿಕ 18.0, 18.2, 18.4, 18.6ರ ನಾಲ್ಕು ಖಾಂಚೆಗಳ ಒಂದು ಪರೀಕ್ಷಾ ಪಟ್ಟಿ ಕೊಯ್ದು ಕೈಯಿಂದ ಒತ್ತಿ ನೋಡಿ. ಯಾವುದು ಸುತ್ತಿಗೆಯಿಲ್ಲದೆ, ಅಂಗೈಯ ಒತ್ತಡಕ್ಕೆ ಕೂರುತ್ತದೋ ಅದು ನಿಮ್ಮ ಅಳತೆ. ರೂಟರಿನ ಕಾಲು ಅಂಗುಲದ ಬಿಟ್ (ತಿರುಗುತ್ತಾ ಕೊಯ್ಯುವ ಅಲಗು) ಒಳಮೂಲೆಯನ್ನು ದುಂಡಗೆ ಬಿಡುವುದರಿಂದ ಪ್ರತಿ ಖಾಂಚೆಯ ಮೂಲೆಯಲ್ಲಿ ಡಾಗ್‌ಬೋನ್ ತೂತು (ಮೂಲೆಯಾಚೆಗೆ ಚೂರು ಚಾಚುವ ದುಂಡು ಕೊರೆತ) ಬೇಕು, ಇಲ್ಲದಿದ್ದರೆ ಉಳಿ ಹಿಡಿದು ನೂರಾರು ಮೂಲೆ ಕೆತ್ತುತ್ತಾ ಕೂರಬೇಕಾಗುತ್ತದೆ. ಜನವರಿಯಲ್ಲಿ ಹೀಟರ್ ಹಾಕಿದ ಕೋಣೆಯ ಗಾಳಿ ಒಣಗಿರುತ್ತದೆ. ಹಾಳೆಗಳನ್ನು ಗೋಡೆಗೆ ಒರಗಿಸಿಟ್ಟರೆ ವಾರದೊಳಗೆ ಬಾಗುತ್ತವೆ. ನೆಲದ ಮೇಲೆ ಪಟ್ಟಿಗಳನ್ನಿಟ್ಟು ಮಲಗಿಸಿ ಇಡಬೇಕು.

ಹಣ ಎಲ್ಲಿ ಸೋರುತ್ತದೆ? ಯೋಜನಾ ಹಣ 8,000 ಡಾಲರ್ ಎಂದಿಟ್ಟುಕೊಳ್ಳೋಣ. ಸಾಮಗ್ರಿಗೆ 3,000. ಇಬ್ಬರು ವಿದ್ಯಾರ್ಥಿ ಸಹಾಯಕರು ವಾರಕ್ಕೆ ಎಂಟು ಗಂಟೆ, 12 ವಾರ, ಗಂಟೆಗೆ 15 ಡಾಲರ್ ಅಂದರೆ 2,880. ಫೋಟೋಗ್ರಾಫರ್ 800. ಗೋಡೆಬರಹ, ಮುದ್ರಣ 500. ಸಾಗಣೆ 400. ಕಿತ್ತು ವಿಲೇವಾರಿ 300. ಉಳಿದದ್ದು 120, ಒಂದು ಹಾಳೆ ಕೆಟ್ಟರೆ ಅದೂ ಹೋಯಿತು. ಕೂಲಿ ಸಾಮಗ್ರಿಯಷ್ಟೇ ಆಗುತ್ತದೆ ಎಂಬುದು ಅರ್ಜಿ ಬರೆಯುವಾಗ ಯಾರಿಗೂ ಹೊಳೆಯುವುದಿಲ್ಲ. ಸೆಮಿನಾರ್ ವಿದ್ಯಾರ್ಥಿಗಳನ್ನು ಕೂಲಿಯಿಲ್ಲದೆ ದುಡಿಸಿಕೊಂಡು ಇದನ್ನು ಸರಿದೂಗಿಸುವ ಚಾಳಿ ಇದೆ. ಅವರು ಕ್ರೆಡಿಟ್‌ಗೆ ಹಣ ಕಟ್ಟಿ ಕಲಿಯಲು ಬಂದವರು, ನಿಮ್ಮ ಪ್ರದರ್ಶನದ ಮರಳುಕಾಗದ ಉಜ್ಜಲು ಅಲ್ಲ. ಕೆಲಸವನ್ನೇ ಚಿಕ್ಕದು ಮಾಡುವುದು ಮರ್ಯಾದೆ.

ಇನ್ನು ನವೆಂಬರ್. ಮುಂದಿನ ವರ್ಷದ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗಳ ಜಾಹೀರಾತು ಸೆಪ್ಟೆಂಬರಿನಿಂದಲೇ ಬರುತ್ತವೆ, ಕೊನೆಯ ದಿನಾಂಕಗಳು ನವೆಂಬರಿನಿಂದ ಜನವರಿಯವರೆಗೆ. ಪ್ರದರ್ಶನವೋ ಮಾರ್ಚಿನಲ್ಲಿ. ಅಂದರೆ ಫೆಲೋಶಿಪ್ಪಿನ ಫಲ ಕೈಗೆ ಬರುವುದು ಅದು ಬೇಕಾಗಿದ್ದ ಅರ್ಜಿಗಳೆಲ್ಲ ಹೋದ ಮೇಲೆ. ಇದಕ್ಕಿರುವ ಮದ್ದು ಒಂದೇ. ಯೋಜನೆಯ ಒಂದು ಮೂಲೆಯನ್ನು ನಿಜವಾದ ಅಳತೆಯಲ್ಲಿ, ನಿಜವಾದ ಸಾಮಗ್ರಿಯಲ್ಲಿ ಅಕ್ಟೋಬರ್ ಕೊನೆಯೊಳಗೆ ಕಟ್ಟಿ ಫೋಟೋ ತೆಗೆದಿಡುವುದು. ಒಂದು ಮೀಟರ್ ಅಗಲ, ಎರಡು ಮೀಟರ್ ಎತ್ತರ ಇದ್ದರೂ ಸಾಕು. ಮಣ್ಣಿನ ಕೆಲಸವಾದರೆ ಮೊದಲ ಇಟ್ಟಿಗೆ ಸೆಪ್ಟೆಂಬರ್ 15ರ ಒಳಗೆ ಒತ್ತಿರಬೇಕು, ಆಗ ಅಕ್ಟೋಬರ್ 13ಕ್ಕೆ 28 ದಿನ ತುಂಬುತ್ತದೆ, ಎರಡು ವಾರದಲ್ಲಿ ಮೂಲೆ ಕಟ್ಟಬಹುದು. ಈ ತುಂಡಿನಿಂದ ಮಾರ್ಚಿನ ಕೆಲಸಕ್ಕೂ ಲಾಭವಿದೆ, ಜೋಡಣೆಯ ತಪ್ಪುಗಳೆಲ್ಲ ಅಗ್ಗದಲ್ಲಿ ಹೊರಬೀಳುತ್ತವೆ. ಆದರೆ ಅರ್ಜಿಯ ವೇಳಾಪಟ್ಟಿಯಲ್ಲಿ ‘ಸೆಪ್ಟೆಂಬರ್–ಡಿಸೆಂಬರ್: ಓದು ಮತ್ತು ಸಂಶೋಧನೆ’ ಎಂದು ಬರೆದಿದ್ದರೆ ಇದಕ್ಕೆ ಜಾಗವೇ ಇರುವುದಿಲ್ಲ. ಓದನ್ನು ಬೇಸಿಗೆಯಲ್ಲೇ ಮುಗಿಸಿ ಹೋಗಬೇಕು.

ಪ್ರದರ್ಶನ ಜೋಡಿಸಲು ಶಾಲೆ ಐದು ದಿನ ಕೊಟ್ಟರೆ ನಾಲ್ಕೇ ದಿನ ಎಂದು ಲೆಕ್ಕ ಹಾಕಿ, ಐದನೆಯದು ಫೋಟೋಗ್ರಾಫರದ್ದು. ಉದ್ಘಾಟನೆಯ ನಂತರ ತೆಗೆಸೋಣ ಎಂದರೆ ಅಷ್ಟರಲ್ಲಿ ಬಿಳಿ ಗೋಡೆಗೆ ಕೈಗುರುತು, ನೆಲಕ್ಕೆ ಬೂಟಿನ ಗೆರೆ ಬಿದ್ದಿರುತ್ತವೆ. ಹಗಲು ಬೆಳಕಿನದ್ದೊಂದು, ದೀಪದ್ದೊಂದು, ಕೈ ಸೋಕುವಷ್ಟು ಹತ್ತಿರದ ಜೋಡಣೆಯ ವಿವರಗಳು ಹೀಗೆ 15 ಒಳ್ಳೆಯ ಚಿತ್ರ ಬಂದರೆ ಹತ್ತು ವರ್ಷ ಸಾಕು.

ಕೀಳುವ ಕೆಲಸಕ್ಕೆ ಯಾರೂ ಸಹಾಯಕ್ಕೆ ಬರುವುದಿಲ್ಲ. ಅಷ್ಟರಲ್ಲಿ ವಿದ್ಯಾರ್ಥಿಗಳು ಅಂತಿಮ ವಿಮರ್ಶೆಯಲ್ಲಿ ಮುಳುಗಿರುತ್ತಾರೆ. ಅಂಟು ಹಾಕದೆ ತಿರುಪಿನಿಂದ ಕಟ್ಟಿದ್ದರೆ ಇಬ್ಬರು ಒಂದು ದಿನದಲ್ಲಿ ಬಿಚ್ಚಬಹುದು, ಹಾಳೆಗಳು ಮುಂದಿನ ವರ್ಷದ ಸ್ಟುಡಿಯೋಗೆ ಮೇಜಾಗುತ್ತವೆ. ಅಂಟು ಹಾಕಿದ್ದರೆ ಕಸದ ಡಬ್ಬವನ್ನು ಬಾಡಿಗೆಗೆ ತರಿಸಬೇಕು. ಗೋಡೆಯ ತೂತುಗಳಿಗೆ ಪುಟ್ಟಿ ಮೆತ್ತಿ, ಒಣಗಿದ ಮೇಲೆ ಉಜ್ಜಿ, ಎರಡು ಕೋಟು ಬಣ್ಣ. ಗ್ಯಾಲರಿಯ ಬಿಳಿಗೆ ಒಂದು ನಿರ್ದಿಷ್ಟ ಸಂಖ್ಯೆ ಇರುತ್ತದೆ, ಅಂಗಡಿಯ ಸಾದಾ ಬಿಳಿ ಬಳಿದರೆ ತೇಪೆಗಳೆಲ್ಲ ಎದ್ದು ಕಾಣುತ್ತವೆ. ಆ ಸಂಖ್ಯೆಯನ್ನು ಆಗಸ್ಟಿನಲ್ಲೇ ಕೇಳಿ ಬರೆದಿಟ್ಟುಕೊಳ್ಳಿ. ಬಹಳಷ್ಟು ವಿಶ್ವವಿದ್ಯಾಲಯಗಳ ಲೆಕ್ಕದ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ಬಣ್ಣದ ಡಬ್ಬದ ರಸೀದಿಯೂ ಅಷ್ಟರೊಳಗೆ ಕಚೇರಿ ಸೇರಿರಬೇಕು.